ಏಳನೇ ಬಾಟಲಿಯ ರೀಡಿಂಗು

ಪ್ರತಿ ವರ್ಷ ಬೇಸಿಗೆ ರಜೆಗೆ ಇನ್ನೊಂದು ತಿಂಗಳಿದೆ ಎನ್ನುವಾಗ ವಿಜ್ಞಾನದ ಟೀಚರ್ ಗೇಟಿನ ಬಳಿ ನಿಂತು ಅಂಚೆಯವನ ದಾರಿ ಕಾಯುತ್ತಿದ್ದರು. ವರ್ಗಾವಣೆಗೆ ಅರ್ಜಿ ಹಾಕಿದ್ದಾರೆಂದು ಬೀದಿಗೆ ಬೀದಿಯೇ ತೀರ್ಮಾನಿಸಿತ್ತು. ಎದುರು ಮನೆಯಲ್ಲಿ ಕೂತು ಇದನ್ನು ಬರೆಯುತ್ತಿರುವವನೂ ಅದನ್ನೇ ನಂಬಿ, ನಮ್ಮ ಬೀದಿಗೆ ಏನು ಕಮ್ಮಿಯಾಗಿದೆ ಎಂದು ಮುನಿಸಿಕೊಂಡು ಎರಡು ವರ್ಷ ಅವರೊಡನೆ ಮಾತು ಬಿಟ್ಟಿದ್ದ. ಆ ಮುನಿಸು ಟೀಚರ ಗಮನಕ್ಕೇ ಬಂದಿಲ್ಲವೆಂದು ತಿಳಿದ ಮೇಲೆ ಅದನ್ನು ಮುಂದುವರಿಸುವುದರಲ್ಲಿ ಅರ್ಥವಿರಲಿಲ್ಲ.

ಅವರು ಕಾಯುತ್ತಿದ್ದದ್ದು ಬೇರೆ ಕಾಗದಕ್ಕೆ. ವಿಜ್ಞಾನ, ತಂತ್ರಜ್ಞಾನ ಕಲಿಸುವ ಶಾಲಾ ಶಿಕ್ಷಕರನ್ನು ಬೇಸಿಗೆಯ ಆರು ವಾರ ನಿಜವಾದ ಸಂಶೋಧನಾಲಯವೊಂದಕ್ಕೆ ಕಳಿಸಿ, ಅವರ ಊಟ ವಸತಿ ಪ್ರಯಾಣದ ಖರ್ಚನ್ನೆಲ್ಲ ನೋಡಿಕೊಳ್ಳುವ ನಿಧಿಯೊಂದಿತ್ತು. ಟೀಚರ್ ಎಂಟು ವರ್ಷ ಬಿಡದೆ ಅರ್ಜಿ ಹಾಕಿದ್ದರು. ಎಂಟು ಸಲವೂ ‘ತಮ್ಮ ಆಸಕ್ತಿಗೆ ಧನ್ಯವಾದಗಳು’ ಎಂಬ ಒಂದೇ ಸಾಲಿನ ಉತ್ತರ ಬಂದಿತ್ತು.

ಅವರ ಶಾಲೆಯ ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಅವೇ ಹದಿನಾರು ಪ್ರಯೋಗಗಳು. ಲೋಲಕ ತೂಗಿದರೆ ಎಷ್ಟು ಬರಬೇಕೆಂಬುದು ಲೋಲಕ ತೂಗುವ ಮೊದಲೇ ಮಕ್ಕಳಿಗೆ ಗೊತ್ತು. ಬೇರೆ ಏನಾದರೂ ಬಂದರೆ ತಪ್ಪು ಲೋಲಕದ್ದೇ. ಪುಸ್ತಕ ನೋಡಿ ಸರಿ ಮಾಡಿಸಿ, ಕೆಂಪು ಶಾಯಿಯಲ್ಲಿ ಗುರುತು ಹಾಕುವುದು ಟೀಚರ ಕೆಲಸ. ಹೀಗೆ ಸಾವಿರಗಟ್ಟಲೆ ಸರಿಯುತ್ತರ ಬರೆಸಿದವರಿಗೆ, ಯಾರಿಗೂ ಉತ್ತರ ಗೊತ್ತಿಲ್ಲದ ಒಂದೇ ಒಂದು ಪ್ರಶ್ನೆಯ ಮುಂದೆ ಜೀವನದಲ್ಲಿ ಒಮ್ಮೆ ನಿಲ್ಲಬೇಕೆಂಬ ಆಸೆ. ಬಟ್ಟೆ ಒಣಗಿಸುತ್ತ ಒಣಗಿಸುತ್ತ ಕೈ ನಿಲ್ಲಿಸಿ ಎತ್ತಲೋ ನೋಡುತ್ತಿದ್ದರು. ಕನ್ನಡಕದಂಗಡಿ ಇಟ್ಟಿದ್ದ ಅವರ ಯಜಮಾನರು, “ಗೊತ್ತಿಲ್ಲದ್ದೇ ಬೇಕಾದ್ರೆ ನಮ್ಮನೆ ಗ್ಯಾಸ್ ಯಾವಾಗ ಮುಗಿಯುತ್ತೆ ಅಂತ ಕಂಡುಹಿಡಿ ಮಾರಾಯ್ತಿ, ಇವತ್ತಿನವರೆಗೆ ಯಾರಿಗೂ ಗೊತ್ತಾಗಿಲ್ಲ” ಎನ್ನುತ್ತಿದ್ದರು.

ಒಂಬತ್ತನೇ ವರ್ಷ ಒಪ್ಪಿಗೆಯ ಕಾಗದ ಬಂತು. ಈ ವಯಸ್ಸಿನಲ್ಲಿ ಹಾಸ್ಟೆಲ್ ವಾಸವೇ ಎಂದು ಅತ್ತೆ ಒಂದು ದಿನವಿಡೀ ಗೊಣಗಿದರು, ಮರುದಿನ ತಾವೇ ಹೊದಿಕೆ ಮಡಿಸಿ ಪೆಟ್ಟಿಗೆಯಲ್ಲಿಟ್ಟರು.

ಸಂಶೋಧನಾಲಯದ ಮುಖ್ಯಸ್ಥೆ ಟೀಚರ ಹಳೆಯ ವಿದ್ಯಾರ್ಥಿನಿಯರ ವಯಸ್ಸಿನವಳು. ಎಲ್ಲರೂ ಡಾಕ್ಟರ್ ಎನ್ನುತ್ತಿದ್ದರು. ಟೀಚರಿಗೆ ಅವಳು ವಹಿಸಿದ ಕೆಲಸ ಸರಳವಾಗಿತ್ತು. ಹನ್ನೆರಡು ಬಾಟಲಿಗಳಲ್ಲಿ ಬೇರೆ ಬೇರೆ ಕೆರೆಗಳ ಪಾಚಿ ನೀರು, ಮೇಲೆ ಕಪ್ಪು ಬಟ್ಟೆ. ಗಂಟೆಗೊಮ್ಮೆ ಮೀಟರಿನಿಂದ ನೀರಿನಲ್ಲಿರುವ ಆಮ್ಲಜನಕ ಅಳೆದು ಬರೆಯಬೇಕು. ಕತ್ತಲೆಯಲ್ಲಿ ಪಾಚಿ ಆಮ್ಲಜನಕ ಮಾಡುವುದಿಲ್ಲ, ಬಳಸುತ್ತದೆ ಅಷ್ಟೆ. ಹಾಗಾಗಿ ಸಂಖ್ಯೆ ಇಳಿಯುತ್ತ ಹೋಗಬೇಕು. ಯಾವ ನೀರಿನಲ್ಲಿ ಎಷ್ಟು ಬೇಗ ಇಳಿಯುತ್ತದೆ ಎಂಬುದೇ ಪ್ರಶ್ನೆ. ಟೀಚರ್ ಪ್ರತಿ ಗಂಟೆಗೂ ಎರಡು ನಿಮಿಷ ಮೊದಲೇ ಹೋಗಿ ನಿಲ್ಲುತ್ತಿದ್ದರು.

ಮೂರನೇ ವಾರ, ಒಂದು ಮಧ್ಯಾಹ್ನ, ಏಳನೇ ಬಾಟಲಿಯ ಸಂಖ್ಯೆ ಏರಿತು. ಮುಂದಿನ ಗಂಟೆ ಇನ್ನೂ ಏರಿತು. ಟೀಚರ್ ಎರಡನ್ನೂ ಪೆನ್ಸಿಲಿನಲ್ಲಿ ಬರೆದರು. ಬರೆದು ನೋಡಿದರೆ ಆ ಸಾಲು, ತರಗತಿಯಲ್ಲಿ ಒಬ್ಬನೇ ಎದ್ದು ನಿಂತಂತೆ ಕಾಣುತ್ತಿತ್ತು. ಇಪ್ಪತ್ತೆರಡು ವರ್ಷ ಪಳಗಿದ ಕೈ ಯಾರ ಅಪ್ಪಣೆಗೂ ಕಾಯಲಿಲ್ಲ. ಎರಡನ್ನೂ ಅಳಿಸಿ, ಆರನೇ ಬಾಟಲಿಗೂ ಎಂಟನೆಯದಕ್ಕೂ ನಡುವೆ ಒಪ್ಪುವ ಸಂಖ್ಯೆಗಳನ್ನು ತುಂಬಿತು. ಸಂಜೆ ಹನ್ನೆರಡು ಬಾಟಲಿಗಳನ್ನೂ ಫಳಫಳ ಹೊಳೆಯುವಂತೆ ತೊಳೆದು ಬೋರಲು ಹಾಕಿ ಹೋದರು.

ಮಾರನೆಯ ಬೆಳಿಗ್ಗೆ ಡಾಕ್ಟರ್ ಆ ಸಂಖ್ಯೆಗಳ ಗ್ರಾಫನ್ನು ಬಹಳ ಹೊತ್ತು ನೋಡಿದಳು.

“ಮೇಡಂ, ಇಷ್ಟು ನಯವಾದ ಗೆರೆ ನನಗೆ ಯಾವತ್ತೂ ಬಂದಿಲ್ಲ.”

“ಅಭ್ಯಾಸ ಇದೆಯಮ್ಮ” ಎಂದರು ಟೀಚರ್, ವಿನಯದಿಂದಲೇ.

ಡಾಕ್ಟರ್ ನಗಲಿಲ್ಲ, ಆರಕ್ಕೂ ಎಂಟಕ್ಕೂ ಸರಿಯಾಗಿ ನಡುವೆ ಓಡಿದ್ದ ಏಳನೇ ಬಾಟಲಿಯ ಗೆರೆಯ ಮೇಲೆ ಬೆರಳಿಟ್ಟಳು. “ಏಳರಲ್ಲಿ ನಿಜವಾಗಿ ಎಷ್ಟಿತ್ತು?”

ಏರಿತ್ತೆಂದೂ, ತಪ್ಪಿರಬೇಕೆಂದು ತಾವೇ ಸರಿ ಮಾಡಿದೆವೆಂದೂ ಟೀಚರ್ ಹೇಳಿದರು. ಹೇಳುತ್ತ ಹೇಳುತ್ತಲೇ ಅವರ ದನಿ ಇಳಿಯಿತು. ಡಾಕ್ಟರ್ ಸ್ಟೂಲಿನ ಮೇಲೆ ಕುಸಿದು ಕೂತಳು. ಬೈಯಲಿಲ್ಲ. ಎಷ್ಟು ಏರಿತ್ತು ಎಂದಷ್ಟೇ ಕೇಳಿದಳು. ಟೀಚರಿಗೆ ನೆನಪಿರಲಿಲ್ಲ. ಕಾಗದವನ್ನು ಬೆಳಕಿಗೆ ಹಿಡಿದು ಇಬ್ಬರೂ ನೋಡಿದರು. ಟೀಚರ್ ಅಳಿಸುವುದರಲ್ಲೂ ಅಚ್ಚುಕಟ್ಟು, ಒಂದು ಗೀರೂ ಉಳಿದಿರಲಿಲ್ಲ.

ಬಟ್ಟೆ ಸರಿದು ಬೆಳಕು ಬಿದ್ದಿತ್ತೋ, ಮೀಟರು ಕೆಟ್ಟಿತ್ತೋ, ಅಥವಾ ಆ ಪಾಚಿಯೇ ಯಾರೂ ಕಾಣದ್ದೇನನ್ನೋ ಮಾಡುತ್ತಿತ್ತೋ. ಉಳಿದ ಮೂರು ವಾರ ಅದೇ ಕೆರೆಯ ನೀರು ತರಿಸಿ ಮತ್ತೆ ಮತ್ತೆ ಅಳೆದರು. ಏಳನೇ ಬಾಟಲಿ ಬಲು ವಿಧೇಯವಾಗಿ ಇಳಿಯಿತು. ಟೀಚರಿಗೆ ಜೀವಮಾನದಲ್ಲಿ ವಿಧೇಯತೆ ಇಷ್ಟು ಬೇಸರ ತಂದದ್ದು ಅದೇ ಮೊದಲು. ಹೊರಡುವ ದಿನ ಡಾಕ್ಟರ್ ಗೇಟಿನವರೆಗೂ ಬಂದು, “ಮತ್ತೆ ಬನ್ನಿ ಮೇಡಂ. ಅದನ್ನ ಕಣ್ಣಾರೆ ಕಂಡವರು ನೀವೊಬ್ಬರೇ” ಎಂದಳು.

ಊರಿಗೆ ಬಂದ ಮೇಲೆ ಅವರಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಪರೀಕ್ಷೆಯ ಕೋಣೆಯಲ್ಲಿ ಕಾವಲು ಕೂತಾಗ ಆ ಎರಡು ಸಂಖ್ಯೆಗಳನ್ನು ನೆನಪಿಸಿಕೊಳ್ಳಲು ಹೆಣಗುತ್ತಿದ್ದರು. ಮೊದಲನೆಯದು ಇನ್ನೇನು ನಾಲಿಗೆಯ ತುದಿಗೆ ಬಂತು ಎನ್ನುವಾಗ ಗಂಟೆ ಹೊಡೆಯುತ್ತಿತ್ತು. ಲ್ಯಾಬಿನಲ್ಲಿ ಮಕ್ಕಳಿಗೆ ಬಂದದ್ದನ್ನು ಬಂದಂತೆಯೇ ಬರೆಯಿರಿ ಎಂದರು. ರೆಕಾರ್ಡ್ ಪುಸ್ತಕಗಳಲ್ಲಿ ಎಂಥೆಂಥ ಸಂಖ್ಯೆಗಳೋ ಓಡಾಡತೊಡಗಿದವು.

ಎರಡನೇ ಸಲ ಹೋಗಬೇಕಾದರೆ ಶಾಲೆಯ ಮುಖ್ಯಸ್ಥರ ಶಿಫಾರಸು ಬೇಕೆಂಬುದು ನಿಧಿಯ ನಿಯಮ. ಮುಖ್ಯೋಪಾಧ್ಯಾಯರು ಸೀಮೆಸುಣ್ಣದ ಡಬ್ಬಿಗೂ ಹಸಿರು ಶಾಯಿಯಲ್ಲಿ ಸಹಿ ಹಾಕಿ, ಕೆಳಗೆ ಪೂರ್ತಿ ಪದವಿಗಳನ್ನು ಬರೆಯುವವರು. ಅರ್ಜಿಯನ್ನು ಎರಡು ಸಲ ಓದಿದರು, ಪೆನ್ನಿನ ಕ್ಯಾಪು ತೆಗೆದರು, ಮತ್ತೆ ಹಾಕಿದರು. ಶಾಲೆಯ ಗೌರವ, ತಮ್ಮ ಕಾಲದ ಶಿಸ್ತು, ರೆಕಾರ್ಡ್ ಪುಸ್ತಕಗಳ ಈಗಿನ ಅವಸ್ಥೆ, ಎಲ್ಲದರ ಮೇಲೂ ಸ್ವಲ್ಪ ಸ್ವಲ್ಪ ಮಾತಾಡಿದರು. ಟೀಚರ ಕಣ್ಣೆಲ್ಲ ಆ ಪೆನ್ನಿನ ಮೇಲೆ.

“ಅಲ್ಲ ಮೇಡಂ, ಹೋದ ಸಲ ಉತ್ತರ ಸರಿಯಾಗೇ ಬಂತಲ್ಲ? ಮತ್ಯಾಕೆ ಹೋಗೋದು?”

“ತಪ್ಪು ಉತ್ತರ ಬರೆದು ಬಂದಿದೀನಿ ಸಾರ್. ಸರಿ ಯಾವುದು ಅಂತ ಅಲ್ಲಿ ಇನ್ನೂ ಯಾರಿಗೂ ಗೊತ್ತಿಲ್ಲ. ಸಹಿ ಹಾಕಿ.”