ಏಸಿಯ ಬಾಯಲ್ಲಿ ವಿಭೂತಿ

ತೊಂಬತ್ತರ ದಶಕದ ಮೊದಲ ವರ್ಷಗಳು. ನಮ್ಮ ಮನೆಯವರು ಮುಂಬೈಯಿಂದ ಪರದೇಶದ ಹಳೆಯ ಟ್ರೇಲರ್ ಗಾಡಿಯೊಂದನ್ನು ತಂದು ಆಳಂದದ ಮನೆಯ ಮುಂದೆ ನಿಲ್ಲಿಸಿದಾಗ, ಅದರೊಳಗಿನ ಏಸಿ ನೋಡಲು ಓಣಿಗೆ ಓಣಿಯೇ ಬಂತು. ನಮ್ಮ ಅತ್ತೆ ಕ್ಯಾಬಿನ್ ಹತ್ತಿ, ಡ್ಯಾಶ್‌ಬೋರ್ಡಿನ ಕೆಳಗೆ ಜಾಲರಿಯಿದ್ದ ಒಂದು ಗೂಡು ಕಂಡವರೇ, "ನೋಡ್ರಿ, ಪರದೇಶದವರಾದ್ರೂ ದೇವರಿಗಿ ಜಗಲಿ ಮಾಡ್ಯಾರ!" ಎಂದು ಅಲ್ಲೇ ದೇವರ ಫೋಟೋ ಇಟ್ಟುಬಿಟ್ಟರು. ಅಂದಿನಿಂದ ಗಾಡಿ ಹೊರಡುವಾಗಲೆಲ್ಲ, ಮಗನಿಗೆ ಏನೂ ಆಗದಿರಲೆಂದು, ಆ ಗೂಡಿಗೆ ವಿಭೂತಿ ಪುಡಿ ಸುರಿದು ಎರಡು ಊದಿನಕಡ್ಡಿ ಸಿಕ್ಕಿಸುವುದು ಅವರ ವ್ರತವಾಯಿತು.

ಎರಡನೆಯ ಬೇಸಿಗೆಗೆ ಏಸಿ ಕೈಕೊಟ್ಟಿತು. ಗಾಳಿ ಬರುತ್ತಿದ್ದುದೇ ಅಷ್ಟಿಷ್ಟು, ಅದೂ ಹಸಿ ಗೋಣಿಚೀಲದ ವಾಸನೆ. ಅದೇ ಹೊತ್ತಿಗೆ ಅಫಜಲಪುರದಿಂದ ಅತ್ತೆಯ ಅಕ್ಕ ಹೇಳಿಕಳಿಸಿದರು: ಕಣ್ಣು ಪೂರ್ತಿ ಹೋಗಿವೆ, ಒಮ್ಮೆ ಬಂದು ಹೋಗು. ಅತ್ತೆಗೋ ಬಿಸಿಲು ಆಗದು. ಹಿಂದಿನ ವರ್ಷ ಬಸ್ಸಿನಲ್ಲೇ ತಲೆ ತಿರುಗಿ ಬಿದ್ದು, ಅರ್ಧ ದಾರಿಯಿಂದ ಅವರನ್ನು ಕರೆತಂದಿದ್ದೆವು. ಏಸಿ ಸರಿಯಾದರೆ ಅಕ್ಕನ ಮನೆ, ಇಲ್ಲದಿದ್ದರೆ ಇಲ್ಲ. "ಆತೇನಪಾ?" ಎಂದು ಕೂತಲ್ಲಿ ನಿಂತಲ್ಲಿ ಮಗನನ್ನು ಕೇಳುತ್ತಿದ್ದರು.

ಒಂದು ಮುಂಜಾನೆ ನಾವು ಗಂಡಹೆಂಡತಿ ಬ್ಯಾಟರಿಯ ವೈರು ಬಿಚ್ಚಿ, ಫೋಟೋ ತೆಗೆದಿಟ್ಟು, ಜಾಲರಿ ಕಳಚಿದೆವು. ಅತ್ತೆಯ ಜಗಲಿ ಅಂದರೆ ಏಸಿ ಗಾಳಿ ಎಳೆದುಕೊಳ್ಳುವ ಬಾಯಿ! ಅದರ ಹಿಂದೆ ಗಾಳಿಯನ್ನು ತಂಪು ಮಾಡುವ ಇವಾಪರೇಟರ್, ತೆಳ್ಳನೆಯ ತಗಡಿನ ಎಲೆಗಳ ಸಾಲು. ಎಲೆಗಳೇ ಕಾಣುತ್ತಿರಲಿಲ್ಲ. ಅಷ್ಟೂ ದಿನದ ವಿಭೂತಿ, ಊದಿನಕಡ್ಡಿಯ ಬೂದಿ, ರಸ್ತೆಯ ಧೂಳು, ಎಲ್ಲ ತಂಪಿಗೆ ಕಟ್ಟುವ ತೇವದಲ್ಲಿ ಕಲಸಿಕೊಂಡು ಗೋಡೆಗೆ ಸುಣ್ಣ ಬಳಿದಂತೆ ಕೂತಿತ್ತು.

"ಅವ್ವಗ ಹೇಳಬ್ಯಾಡ," ಮನೆಯವರು ಪಿಸುಗುಟ್ಟಿದರು. "ಗ್ಯಾಸಿನ ಪೈಪಿಗಿ ಕೈ ಹಚ್ಚಬ್ಯಾಡ. ಮೆತ್ತಗ ತಿಕ್ಕು."

ಮೆತ್ತಗೆ ಅನ್ನುವುದು ನನ್ನ ಜಾತಕದಲ್ಲೇ ಇಲ್ಲ. ಆದರೂ ಕೆಳಗೊಂದು ಬೋಗುಣಿ ಇಟ್ಟು, ಅಂಟವಾಳದ ನೀರು ಚಿಮುಕಿಸಿ, ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ಮೇಲಿಂದ ಕೆಳಗೆ ತಿಕ್ಕಿದೆ. ಬಾಗಿದ ಎಲೆಗಳನ್ನು ನನ್ನ ಹಣಿಗೆಯ ಹಲ್ಲಿನಿಂದ ನೆಟ್ಟಗೆ ಮಾಡಿದೆ. ನೀರು ಹೊರಹೋಗುವ ರಬ್ಬರಿನ ಕೊಳವೆಯೂ ಕಟ್ಟಿಕೊಂಡಿತ್ತು. ಮನೆಯವರು ಗಾಡಿಯ ಕೆಳಗೆ ನುಸುಳಿ ಅದಕ್ಕೆ ಬಾಯಿಟ್ಟು ಊದಿದರು ನೋಡಿ, ಒಳಗಿನ ಕೆಸರೆಲ್ಲ ಫಟ್ಟನೆ ನನ್ನ ಮುಖಕ್ಕೇ ಹಾರಿತು.

"ಥೂ! ನಿಮ್ಮವ್ವನ ವಿಭೂತಿ ನನ್ನ ಬಾಯಾಗೇ ಬೀಳಬೇಕೇನ್ರಿ!" ಎಂದು ಕೂಗಿಬಿಟ್ಟೆ.

ಅತ್ತೆ ಬಾಗಿಲಲ್ಲೇ ಇದ್ದರು. ಹತ್ತಿರ ಬಂದು ಬೋಗುಣಿಯ ಬಿಳಿ ಕೆಸರು ನೋಡಿದರು, ತೆಗೆದಿಟ್ಟ ಫೋಟೋ ನೋಡಿದರು.

"ದೇವರಿಗಿ ಎಬ್ಬಿಸಿ ಆ ಗಾಳಿ ನಾ ತಗೋಬೇಕೇನು? ನಾ ಬರಂಗಿಲ್ಲ. ಅಕ್ಕಗ ಹೇಳಿಕಳಸ್ರಿ," ಎಂದು ಒಳಗೆ ಹೋಗಿ ಕೂತರು.

ಮನೆಯವರು ನನ್ನನ್ನು ನುಂಗುವಂತೆ ನೋಡಿದರು. ನನಗೆ ಸಂಕಟವಾಯಿತು; ಸಂಕಟವಾದರೆ ನನಗೆ ಬರುವುದು ಸಿಟ್ಟೇ. ಮುಖವನ್ನೂ ತೊಳೆಯದೆ ಒಳಗೆ ನುಗ್ಗಿದೆ.

"ಅತ್ತಿ, ಕೊರಳಾಗ ಲಿಂಗ ಕಟ್ಕೊಂಡೀರಿ. ದಿನಾ ಅಂಗೈ ಮ್ಯಾಲೆ ಇಟ್ಟು ಪೂಜಿ ಮಾಡ್ತೀರಿ. ಎದಿ ಮ್ಯಾಲೆ ಕುಂತ ದೇವರಿಗಿ ಮತ್ಯಾಕ ಬ್ಯಾರೆ ಜಗಲಿ? ನೀವು ತಣ್ಣಗ ಕುಂತ್ರ ಅವನೂ ತಣ್ಣಗ ಕೂಡ್ತಾನಲ್ರಿ!"

ಅತ್ತೆ ನನ್ನ ಮುಖವನ್ನೇ ನೋಡಿದರು. ಹಣೆಯಿಂದ ಗದ್ದದವರೆಗೆ ಬಿಳಿ ಕೆಸರು. ಸೆರಗು ಬಾಯಿಗಿಟ್ಟು ನಗತೊಡಗಿದರು. "ಮಾರಿ ತೊಳಕೋ ಯವ್ವಾ, ಸ್ವಾಮ್ಯಾರಂಗ ಕಾಣ್ತಿ," ಎಂದವರೇ ಟ್ರಂಕಿನಿಂದ ಇಳಕಲ್ ಸೀರೆ ತೆಗೆದರು.

ಹಿಂಬದಿಯ ಟ್ರೇಲರ್ ಕಳಚಿಟ್ಟು, ಬರೀ ಮುಂದಿನ ಗಾಡಿಯಲ್ಲಿ ಹೊರಟೆವು. ಹೊರಗೆ ಬೆಂಕಿಯಂಥ ಬಿಸಿಲು. ಒಳಗೆ ಏಸಿಯ ತಂಪಿಗೆ ಅತ್ತೆ ಸೆರಗು ಹೊದ್ದು ಕೂತಿದ್ದರು. ಅಫಜಲಪುರದಲ್ಲಿ ಅವರ ಅಕ್ಕ ಕಟ್ಟೆಯ ಮೇಲಿದ್ದರು. ಅತ್ತೆ ಮಾತಾಡದೆ ಅವರ ಕೆನ್ನೆಗೆ ಅಂಗೈ ಇಟ್ಟರು.

"ಯಾರದಬೇ ಇಷ್ಟು ತಂಪ ಕೈ?"

"ನಾನೇ ಅಕ್ಕಾ."

"ಸುಳ್ಳ ಹೇಳಬ್ಯಾಡ. ಬಿಸಿಲಾಗ ಬಂದಾಕಿ ಕೈ ಹಿಂಗಿರ್ತದೇನು?"

ನಂಬಲೇ ಇಲ್ಲ ಆ ಮುದುಕಿ. ಕೊನೆಗೆ ನಾವು ಕೈಹಿಡಿದು ಕ್ಯಾಬಿನ್ ಹತ್ತಿಸಿ, ಅವರ ಅಂಗೈಯನ್ನು ಗಾಳಿಗೆ ಒಡ್ಡಿದೆವು. "ಯವ್ವಾ ನನ್ನವ್ವಾ!" ಎಂದವರು ಮತ್ತೆ ಇಳಿಯಲಿಲ್ಲ. ಮಧ್ಯಾಹ್ನವಿಡೀ ಅಕ್ಕತಂಗಿಯರು ಅಲ್ಲೇ ಕೂತು ಮಾತಾಡಿದರು. ಗಾಡಿಯ ಕೆಳಗೆ ನೀರು ತೊಟ್ಟಿಕ್ಕುತ್ತಿತ್ತು. ನನಗೆ ಅಷ್ಟು ಹಿಗ್ಗು ಯಾವತ್ತೂ ಆಗಿರಲಿಲ್ಲ.

ಚಹಾ ಕೊಡಲು ಬಾಗಿಲು ತೆಗೆದರೆ, ಅತ್ತೆಯ ಬೆರಳ ತುದಿಯಲ್ಲಿ ವಿಭೂತಿ! ನಾನು ಕಣ್ಣು ಬಿಟ್ಟೆ.

"ಅಂಜಬ್ಯಾಡಬೇ," ಅಂದರು ಅತ್ತೆ. "ಅಕ್ಕನ ಹಣಿಗಷ್ಟ ಹಚ್ಚಾಕತ್ತೇನಿ."