ಗಾಜಿನ ಮೇಲೆ ಮಂಜು ಕೂರದ ಜಾಗ

ದೆವ್ವ, ಗಾಳಿ, ಶಕುನ ಎಂದು ಯಾರಾದರೂ ಶುರುಮಾಡಿದರೆ ನಾನು ಟವೆಲ್ಲು ಕೊಡವಿಕೊಂಡು ಎದ್ದುಹೋಗುತ್ತಿದ್ದೆ. ಓದಿದ್ದು ಮೂರನೇ ಕ್ಲಾಸು, ಮಾಡಿದ್ದು ರೇಷ್ಮೆ ಹುಳು ಸಾಕಣೆ. ಕಣ್ಣಿಗೆ ಕಂಡದ್ದನ್ನು ನಂಬುವುದು, ಕಾಣದ್ದನ್ನು ಬಿಡುವುದು, ಅಷ್ಟೇ. ಈಗ ಹೇಳಹೊರಟಿರುವುದು ಕಣ್ಣಿಗೆ ಕಂಡದ್ದೇ. ಅದೇ ತೊಂದರೆ. ನಡುವೆ ಮೊಮ್ಮಗಳ ಮಾತು ಜಾಸ್ತಿಯಾದರೆ ಓದುವವರು ಮನ್ನಿಸಬೇಕು. ಅವಳ ಹೆಸರೆತ್ತಿದರೆ ನನ್ನ ಬಾಯಿಗೆ ಬ್ರೇಕ್ ಇಲ್ಲ.

ಕೆಂಚಾರ್ಲಹಳ್ಳಿಯಲ್ಲಿ ಆಗ ಬಾಡಿಗೆಗೆ ಸಿಗುತ್ತಿದ್ದುದು ಬಾಬಾಜಾನ್‌ನ ಅಂಬಾಸಿಡರ್ ಒಂದೇ. ಧನುರ್ಮಾಸದ ಒಂದು ಬೆಳಗಿನ ಜಾವ ಅದರಲ್ಲಿ ನಮ್ಮ ರೇಷ್ಮೆಗೂಡಿನ ಮೂಟೆಗಳನ್ನು ತುಂಬಿದ್ದೆವು, ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹೊರಡಲು. ಡಿಕ್ಕಿಯಲ್ಲಿ ಒತ್ತಿದರೆ ಗೂಡು ನುಜ್ಜಾಗುತ್ತದೆ. ಹಾಗಾಗಿ ಮೂಟೆಗಳನ್ನು ಸೀಟಿನ ಮೇಲೆ, ಕಾಲಿಡುವಲ್ಲಿ ಇಡುವುದು ನಮ್ಮ ಕಡೆಯ ರೂಢಿ. ಅಷ್ಟರಲ್ಲಿ ಒಳಗಿನಿಂದ ನನ್ನ ಹೆಂಡತಿ ಕೂಗಿಕೊಂಡಳು. ಚೊಚ್ಚಲ ಹೆರಿಗೆಗೆ ಬಂದಿದ್ದ ಮಗಳು ಸರೋಜಳಿಗೆ ನೋವು ಶುರುವಾಗಿತ್ತು, ದಿನ ತುಂಬುವುದಕ್ಕೆ ಇನ್ನೂ ಎಷ್ಟೋ ಮುಂಚೆ. ಸೂಲಗಿತ್ತಿ ಮುಟ್ಟಿ ನೋಡಿ, ಮಗು ಅಡ್ಡ ನಿಂತಿದೆ, ಚಿಂತಾಮಣಿ ಆಸ್ಪತ್ರೆಗೆ ಓಡಿ, ತಡಮಾಡಿದರೆ ಇಬ್ಬರೂ ಉಳಿಯೋದಿಲ್ಲ ಎಂದಳು.

ಮೂಟೆ ಇಳಿಸಲು ಯಾರಿಗೆ ಪುರುಸೊತ್ತು? ಹಿಂದಿನ ಸೀಟಿನವನ್ನು ಕೆಳಗೆ ತಳ್ಳಿ ಸರೋಜಳನ್ನು ಮಲಗಿಸಿದೆವು. ತಲೆಯ ಹತ್ತಿರ ಹೆಂಡತಿ. ಮುಂದೆ ಬಾಬಾಜಾನ್ ಪಕ್ಕದಲ್ಲಿ ನಾನು, ತೊಡೆಯ ಮೇಲೆ ದೊಡ್ಡದೊಂದು ಮೂಟೆ, ಅದನ್ನು ಎರಡು ಕೈಯಲ್ಲೂ ತಬ್ಬಿಕೊಂಡು. ಹೆಂಡತಿ ಕಿಟಕಿ ಗಾಜುಗಳನ್ನೆಲ್ಲ ಮೇಲಕ್ಕೇರಿಸಿ ಸಂದಿಗೆ ಬಟ್ಟೆ ತುರುಕಿದಳು.

"ಒಂಚೂರು ಗಾಳಿ ಬರ್ಲಿ ಬಿಡಮ್ಮ," ಎಂದ ಬಾಬಾಜಾನ್.

"ಥಂಡಿ ತಾಗಿ ಸನ್ನಿ ಹಿಡಿದ್ರೆ ನಿಮ್ಮಮ್ಮ ಬಂದು ಬಾಣಂತನ ಮಾಡ್ತಾಳೇನೋ? ಓಡ್ಸು!"

ಊರು ದಾಟಿದ್ದೇ ತಡ, ಮುಂದಿನ ಗಾಜು ಬೆಳ್ಳಗಾಯಿತು. ಬಾಬಾಜಾನ್ ವೈಪರ್ ಹಾಕಿದ, ಬದಲಾಗಲಿಲ್ಲ. ಅಂಗೈಯಲ್ಲಿ ಒರೆಸಿದ, ಮರುಗಳಿಗೆಯೇ ಮತ್ತೆ ಬೆಳ್ಳಗೆ. ಹಾಲಿನ ಪಾತ್ರೆಯೊಳಗೆ ಕೂತು ಹೋಗುತ್ತಿದ್ದ ಹಾಗಿತ್ತು. ಮುಂದೆ ಕೆರೆ ಏರಿ, ಎಡಕ್ಕೆ ತುಂಬಿದ ನೀರು, ತಡೆಗೋಡೆ ಇಲ್ಲ.

"ಯಜಮಾನ್ರೇ, ಏನೂ ಕಾಣ್ತಿಲ್ಲ. ನಿಲ್ಲಿಸ್ಲಾ?"

"ಅಯ್ಯೋ ದೇವುಡಾ, ನಿಲ್ಲಿಸ್ಬೇಡ ಕಣಪ್ಪಾ!" ಹಿಂದಿನಿಂದ ಹೆಂಡತಿ. ಸರೋಜಳ ಕೂಗು ಸಣ್ಣಗಾಗುತ್ತಿತ್ತು. ಕೂಗುವುದಕ್ಕಿಂತ ಸುಮ್ಮನಾಗುವುದೇ ನನಗೆ ಭಯ ಹುಟ್ಟಿಸಿತು.

ಆಗ ನನ್ನ ಮುಖದ ನೇರಕ್ಕೆ, ಗಾಜಿನಲ್ಲಿ ಒಂದು ಜಾಗ ತಿಳಿಯಾಯಿತು. ಯಾರೋ ಒಳಗಿನಿಂದ ಪುಟ್ಟ ಕೈಯಿಟ್ಟು ಒತ್ತಿದ ಹಾಗೆ. ನನ್ನ ಕೈಗಳು ಮೂಟೆಯ ಮೇಲಿದ್ದವು. ಬಾಬಾಜಾನ್‌ನವು ಸ್ಟೇರಿಂಗ್ ಮೇಲೆ. ಆ ಕಿಂಡಿಯಲ್ಲಿ ಕಂಡದ್ದು ಎತ್ತಿನ ಗಾಡಿಯ ಹಿಂಭಾಗ. ಅಚ್ಚು ಮುರಿದು ಏರಿಗೆ ಅಡ್ಡ ನಿಂತಿತ್ತು, ಲಾಟೀನೂ ಇಲ್ಲ.

"ಬಾಬೂ, ಬ್ರೇಕ್ ಹಿಡಿ!" ಎಂದು ಕಿರುಚಿದೆ. ಕಾರು ಜಾರಿಕೊಂಡು ಹೋಗಿ ಗಾಡಿಗೆ ಗೇಣು ದೂರದಲ್ಲಿ ನಿಂತಿತು.

ಬಾಬಾಜಾನ್ ಇಳಿದು ಗಾಜನ್ನು ಹೊರಗಿನಿಂದ ಮುಟ್ಟಿದ. ಒಣಗಿತ್ತು. ಒಳಗೆ ಮುಟ್ಟಿದ, ನೀರು ಇಳಿಯಿತು. ನನ್ನ ತೊಡೆಯ ಮೂಟೆಯ ಮೇಲೆ ಕೈಯಿಟ್ಟವನೇ ಹಣೆ ಚಚ್ಚಿಕೊಂಡ. ಗೂಡಿನೊಳಗೆ ಹುಳು ಜೀವಂತ ಇರುತ್ತದೆ, ಮೂಟೆ ಬೆಚ್ಚಗಾಗಿ ಬೆವರುತ್ತದೆ. ದಿನವೂ ನೋಡುವ ನಮಗೇ ಆ ಹೊತ್ತು ಹೊಳೆದಿರಲಿಲ್ಲ. ಹೊರಗೆ ಕೊರೆಯುವ ಚಳಿ, ಒಳಗೆ ಮೂಟೆಗಟ್ಟಲೆ ಹುಳುಗಳ ಉಸಿರು, ನಮ್ಮ ನಾಲ್ವರ ಉಸಿರು, ಎಲ್ಲವೂ ಬಂದು ತಣ್ಣನೆ ಗಾಜಿನ ಮೇಲೆ ಕೂತಿತ್ತು. ಮೂಟೆಗಳನ್ನೆಲ್ಲ ಅಲ್ಲೇ ಕೂತಿದ್ದ ಗಾಡಿಯವನ ಕಾವಲಿಗೆ ಏರಿಯ ಮೇಲೆ ಬಿಟ್ಟೆವು. ಸರೋಜಳಿಗೆ ಎರಡು ಕಂಬಳಿ ಹೊದಿಸಿ, ಮುಂದಿನ ಕಿಟಕಿ ಗಾಜುಗಳನ್ನು ನಾಲ್ಕು ಬೆರಳು ಇಳಿಸಿದೆವು. ಈ ಸಲ ಹೆಂಡತಿಯೇ ಸಂದಿಯ ಬಟ್ಟೆ ಕಿತ್ತಳು. ಎಲ್ಲರೂ ಸೇರಿ ಗಾಡಿಯನ್ನು ಪಕ್ಕಕ್ಕೆ ತಳ್ಳಿ ಹೊರಡುವಷ್ಟರಲ್ಲಿ ಗಾಜು ಅಂಚಿನಿಂದ ತಿಳಿಯಾಗುತ್ತಾ ಬಂತು.

ಆಸ್ಪತ್ರೆ ಸೇರಿದೆವು. ಬಿಸಿಲು ಏರುವ ಹೊತ್ತಿಗೆ ನರ್ಸಮ್ಮ ಬಟ್ಟೆಯಲ್ಲಿ ಸುತ್ತಿ ತಂದು ನನ್ನ ಕೈಗಿಟ್ಟರು. ಹೆಣ್ಣು! ಕಲ್ಲುಸಕ್ಕರೆಯಷ್ಟು ಮೂಗು! ತಾಯಿಯೂ ಕ್ಷೇಮ. ನಾನು ವರಾಂಡದಲ್ಲಿ ಸಿಕ್ಕಸಿಕ್ಕವರಿಗೆಲ್ಲ ಕೈ ಮುಗಿದೆ, ಕಸ ಗುಡಿಸುವ ಅಜ್ಜಿಯನ್ನೂ ಬಿಡಲಿಲ್ಲ. ಶಿಲ್ಪ ಎಂದು ಹೆಸರಿಟ್ಟೆವು.

ಆಮೇಲೆ ಒಂದು ದಿನ ಬಾಬಾಜಾನ್ ಮನೆಗೆ ಬಂದು, "ಯಜಮಾನ್ರೇ, ಚಳೀಲಿ ಗಾಜೆಲ್ಲಾ ಮಂಜಾಗುತ್ತೆ, ನಿಮ್ಮ ಸೀಟಿನ ಮುಂದೆ ಒಂದು ಕಡೆ ಮಾತ್ರ ಆಗಲ್ಲ. ಏನು ಹಚ್ಚಿದ್ರಿ?" ಎಂದ. ಹೋಗಿ ನೋಡಿದೆ. ಅಂಗೈ, ಐದು ಗಿಡ್ಡ ಬೆರಳು. ಸೋಪು ಸವರಿದರೆ ಗಾಜು ಮಂಜು ಹಿಡಿಯುವುದಿಲ್ಲವಂತೆ. ಯಾವುದೋ ಮಗು ಸೋಪಿನ ಕೈ ಇಟ್ಟಿರಬೇಕು ಎಂದುಕೊಂಡು ಸೀಗೆಪುಡಿ ಹಾಕಿ ಉಜ್ಜಿದೆವು. ಬಾಬಾಜಾನ್ ಸೀಮೆಎಣ್ಣೆಯಲ್ಲೂ ಒರೆಸಿದ. ಮುಂದಿನ ಚಳಿಗೂ ಆ ಕೈ ಹಾಗೇ ಇತ್ತು.

ಶಿಲ್ಪ ಮಾತು ಕಲಿತು, ಮನೆಯನ್ನೆಲ್ಲ ತಲೆಕೆಳಗು ಮಾಡುವಷ್ಟಾದ ಮೇಲೆ, ಒಂದು ಚಳಿಯ ಮುಂಜಾನೆ ಅವಳನ್ನು ಅದೇ ಕಾರಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ಹೊರಟಿದ್ದೆ. ಗಾಜು ಬೆಳ್ಳಗಾಯಿತು, ಕೈಯ ಗುರುತು ಎದ್ದಿತು. ನಾನು ಏನೂ ಹೇಳಿರಲಿಲ್ಲ. ಅವಳು ಎದ್ದು ನಿಂತು ತನ್ನ ಕೈಯನ್ನು ಅದರ ಮೇಲಿಟ್ಟಳು. ಬೆರಳಿಗೆ ಬೆರಳು, ಕೂದಲೆಳೆಯಷ್ಟೂ ಆಚೀಚೆ ಇಲ್ಲ. "ತಾತಾ, ತಣ್ಣಗಿದೆ," ಎಂದು ನಕ್ಕು ಕೈ ತೆಗೆದಳು.

ನಾನೂ ಬಾಬಾಜಾನನೂ ನೋಡುತ್ತಿದ್ದ ಹಾಗೆ, ಅವಳು ಕೈ ತೆಗೆದ ಜಾಗದಲ್ಲಿ ಮಂಜು ಮೆಲ್ಲಗೆ ಕೂತಿತು. ಬಾಬಾಜಾನ್ ಕಾರು ನಿಲ್ಲಿಸಿದ.

ಆ ಗುರುತು ಮತ್ತೆ ಬಂದಿಲ್ಲ. ಈಗಲೂ ಆ ಕಾರು ಹತ್ತಿದರೆ ಮೊದಲು ಗಾಜಿನ ಮೇಲೆ ಬಾಯಿಂದ ಬಿಸಿಯುಸಿರು ಊದಿ ನೋಡುತ್ತೇನೆ. ಎಲ್ಲ ಕಡೆ ಒಂದೇ ಸಮ ಬೆಳ್ಳಗಾಗುತ್ತದೆ. ಪಕ್ಕದಲ್ಲಿ ಮೊಮ್ಮಗಳೂ ಊದುತ್ತಾಳೆ, ಆಟವೆಂದುಕೊಂಡು.