ದೋಣಿಯ ಹಿಂಬದಿಯ ಹೊಗೆಕಲೆ

ಭೂಮಿಕಾ, ಚೇತನ್, ಮೊನ್ನೆ ದೀಪದ ಕಂಬ ತೊಳೆಯಲೆಂದು ಹಳೆಯ ಹುಣಸೇಹಣ್ಣು ನೆನೆಹಾಕಿದ್ದೆ. ಕಿವುಚುವಾಗ ಹುಳಿವಾಸನೆ ಮೂಗಿಗೆ ಬಡಿಯಿತು, ಕೈ ನಿಂತುಬಿಟ್ಟಿತು. ದೋಣಿಯಣ್ಣ ನೆನಪಾದರು. ಬಾಯಲ್ಲಿ ಹೇಳಲು ನನಗೆ ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮಮ್ಮ ಹತ್ತನೇ ತರಗತಿಯಲ್ಲಿದ್ದ ವರ್ಷ ನಮ್ಮೂರ ಕೆರೆ ತುಂಬಿ ಕೋಡಿ ಬಿತ್ತು. ಮಿಡಿಗೇಶಿ ಕಡೆಯ ದಾರಿ ನೀರಿನಡಿ ಹೋಯಿತು. ಹೈಸ್ಕೂಲು ಆಚೆ ದಡದಲ್ಲಿ. ಸುತ್ತಿ ಹೋದರೆ ಎರಡು ಗಂಟೆ ನಡಿಗೆ, ಅದೂ ಜಾಲಿ ಮುಳ್ಳಿನ ನಡುವೆ. ನಿಮ್ಮ ತಾತ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಬೆಳೆದ ಹುಡುಗಿಯನ್ನು ಆ ದಾರಿಯಲ್ಲಿ ಕಳಿಸುವ ಧೈರ್ಯ ನನಗಿರಲಿಲ್ಲ. ಶಾಲೆ ಬಿಡಿಸುವುದೆಂದೇ ಮನಸ್ಸು ಮಾಡಿದ್ದೆ.

ಅಷ್ಟರಲ್ಲಿ ಊರವರು ಸೇರಿ ಎಲ್ಲಿಂದಲೋ ಒಂದು ಹಳೆಯ ಬಿಳಿ ಫೈಬರ್ ದೋಣಿ ತಂದರು. ಅದಕ್ಕೆ ಡೀಸೆಲ್ ಇಂಜಿನ್. ನಡೆಸಲು ಪಾವಗಡದ ಕಡೆಯವರೊಬ್ಬರು ಬಂದರು. ಹಿಂದೆ ಯಾವುದೋ ಅಣೆಕಟ್ಟಿನಲ್ಲಿ ದೋಣಿ ನಡೆಸಿದ್ದರಂತೆ. ಅರ್ಧ ಕನ್ನಡ, ಅರ್ಧ ತೆಲುಗು ಆಡುತ್ತಿದ್ದರು. ಎಲ್ಲರೂ ದೋಣಿಯಣ್ಣ ಎಂದರು, ನಾನೂ ಹಾಗೇ ಅಂದುಕೊಂಡೆ... ಬಾಯಿಬಿಟ್ಟು ಕರೆದದ್ದು ಒಂದೇ ಸಲ.

ಇಂಜಿನ್ನಿನ ಹೊಗೆಕೊಳವೆ ದೋಣಿಯ ಹಿಂಬದಿಯಲ್ಲಿತ್ತು. ಸಂಕ್ರಾಂತಿ ಹೊತ್ತಿಗೆ ಆ ಭಾಗವೆಲ್ಲ ಒಲೆಗುಂಡಿನ ಹಾಗೆ ಕಪ್ಪಾಯಿತು. ತಪಾಸಣೆಗೆ ಮಧುಗಿರಿಯಿಂದ ಬಂದ ಸಾಹೇಬರು, ಮಸಿಯ ಕೆಳಗೆ ಗಟ್ಟಿ ಇದೆಯೋ ಇಲ್ಲವೋ ಹೇಗೆ ನೋಡುವುದು, ವಾರದೊಳಗೆ ತೊಳೆದು ತೋರಿಸಿ, ಇಲ್ಲವಾದರೆ ದೋಣಿ ನಿಲ್ಲಿಸಿ ಎಂದು ಹೇಳಿ ಹೋದರು. ಪರೀಕ್ಷೆಗೆ ಇನ್ನೆರಡು ತಿಂಗಳಿತ್ತು.

ದೋಣಿಯಣ್ಣ ಮರಳು, ತೆಂಗಿನ ನಾರು ಹಿಡಿದು ತಿಕ್ಕಿದರು. ತಿಕ್ಕಿದಷ್ಟೂ ಗೀರು ಬಿದ್ದು ಮಸಿ ಗೀರಿನೊಳಗೆ ಕೂತಿತು. ಕೆರೆ ಏರಿಯ ಮರದಡಿ ನಾನು ಕೂಲಿಗೆ ಹುಣಸೇಹಣ್ಣಿನ ಬೀಜ ಬಿಡಿಸುತ್ತಾ ನೋಡುತ್ತಿದ್ದೆ. ತಿಕ್ಕಬಾರದು ಎಂದು ನನಗೆ ಗೊತ್ತಿತ್ತು. ಗಂಡಸರ ಮುಂದೆ ಹೋಗಿ ಹೇಳಲು ಆಗಲಿಲ್ಲ. ಸಂಜೆ ನಿಮ್ಮಮ್ಮನ ಕೈಲಿ ಹೇಳಿಸಿದೆ: ಮೊದಲು ಸೀಗೆಪುಡಿ ಹಾಕಿ ಜಿಡ್ಡು ತೆಗೆಯಬೇಕು. ಉಳಿದ ಹಳದಿ ಕಲೆಗೆ ಹುಣಸೇ ರಸ ದಪ್ಪಗೆ ಬಳಿದು ಒದ್ದೆ ಬಟ್ಟೆ ಹೊದಿಸಬೇಕು. ಹೊತ್ತು ಬಿಟ್ಟು ಮೆತ್ತಗೆ ಒರೆಸಬೇಕು.

ಅವರು ಹಾಗೇ ಮಾಡಿದರು. ಏರಿಯ ಮೇಲೆ ಕೂತವರಿಗೆ ನಗು. "ಏನಣ್ಣೋ, ದೋಣಿಗೆ ಗೊಜ್ಜು ಮಾಡ್ತಿದ್ದೀಯಾ? ಒಗ್ಗರಣೆ ಯಾವಾಗ?" ಎಂದರೊಬ್ಬರು. "ಮುದ್ದೆ ನೀ ತತ್ತಾ, ಒಗ್ಗರಣೆ ನಾನ್ ಹಾಕ್ತೀನಿ" ಎಂದು ಇವರು ತಲೆಯೆತ್ತದೆ ಒರೆಸುತ್ತಲೇ ಇದ್ದರು.

ಮೂರನೆಯ ದಿನ ಮಧ್ಯಾಹ್ನ ನಿಮ್ಮಮ್ಮ ಶಾಲೆಯಲ್ಲಿದ್ದಳು. ರಸದ ಚೊಂಬು ನಾನೇ ಒಯ್ದೆ. ದೋಣಿಯನ್ನು ಹಿಂಬದಿ ದಡಕ್ಕೆ ಬರುವಂತೆ ತಿರುಗಿಸಿ ಕಟ್ಟಿದ್ದರು, ಸುತ್ತ ಯಾರೂ ಇರಲಿಲ್ಲ. ಅವರು ಕೊನೆಯ ಬಟ್ಟೆ ಎತ್ತಿ ಒರೆಸಿದರು. ಹೊಸ ತಟ್ಟೆಯ ಹಾಗೆ ಬೆಳ್ಳಗಾಗಿತ್ತು. ಆ ಬಿಳುಪಿನ ನಡುವೆ, ಕೊಳವೆಯಿಂದ ಕೆಳಕ್ಕೆ ಗೇಣುದ್ದದ ಕೂದಲೆಳೆಯಂಥ ಗೆರೆ. ಅವರು ಹೆಬ್ಬೆರಳಿಂದ ಒತ್ತಿದರು. ಜಾಗ ಒಳಕ್ಕೆ ಹೋಯಿತು, ಗೆರೆಯಿಂದ ನೀರು ಜಿನುಗಿತು.

ನಾನು ಚೊಂಬು ಕೆಳಗಿಟ್ಟು ಸುತ್ತ ನೋಡಿದೆ. ಆಮೇಲೆ ನನ್ನ ಬಾಯಿಂದಲೇ ಬಂತು: "ಅಣ್ಣಾ, ಬಣ್ಣ ಬಳ್ದ್ಬುಡಿ. ಪರೀಕ್ಷೆ ಮುಗಿಯೋಗಂಟ... ನಾನ್ ಯಾರ್ಗೂ ಹೇಳಾಕಿಲ್ಲ."

ಅವರು ನನ್ನ ಮುಖ ನೋಡಲಿಲ್ಲ. ಬೆರಳನ್ನು ಪಂಚೆಗೆ ಒರೆಸಿಕೊಂಡರು.

"ಇದ್ರಾಗೆ ಕೂಕಣಾದು ನಿನ್ ಮಗ್ಳೇ ಕಣಮ್ಮ."

ಮಾರನೆಯ ಬೆಳಿಗ್ಗೆ ಅವರೇ ಮಧುಗಿರಿಗೆ ಬಸ್ಸು ಹತ್ತಿ, ಬಿರುಕು ಇದೆ ಎಂದು ಸಾಹೇಬರಿಗೆ ಹೇಳಿ ಬಂದರು. ದೋಣಿಯನ್ನು ದಡಕ್ಕೆ ಎಳೆದು ಬೋರಲು ಹಾಕಿದರು. ಅವರ ಕೆಲಸ ಹೋಯಿತು. ಹೋಗಿ ಹೇಳದೇ ಇದ್ದಿದ್ದರೆ ಆಗುತ್ತಿತ್ತು ಎಂದು ಊರವರು ಬೈದರು. ಊರು ಬಿಡುವ ಮುಂಚೆ ದೋಣಿಯಣ್ಣ ನಾಲ್ಕು ದಿನ ಮಚ್ಚು ಹಿಡಿದು ಸುತ್ತುದಾರಿಯ ಜಾಲಿ ಸವರಿದರು. ಆಮೇಲೆ ನಾನು ಕೂಲಿ ಬಿಟ್ಟು, ಪರೀಕ್ಷೆ ಮುಗಿಯುವವರೆಗೂ ಬೆಳಿಗ್ಗೆ ಸಂಜೆ ನಿಮ್ಮಮ್ಮನ ಜೊತೆ ಆ ದಾರಿ ನಡೆದೆ. ನಡೆಯಬಹುದಾದ ದಾರಿಯಾಗಿತ್ತು.

ಹೋದ ವರ್ಷ ಒಂದು ಮದುವೆಯಲ್ಲಿ ಪಾವಗಡ ಕಡೆಯ ರಾಯಚರ್ಲಿನ ಹೆಂಗಸೊಬ್ಬಳು ಸಿಕ್ಕಿದ್ದಳು. ದೋಣಿಯಣ್ಣ ಅವಳ ಕಡೆಯವರೇ ಎಂದು ಮಾತಿನಲ್ಲಿ ತಿಳಿಯಿತು. ಮುಪ್ಪಿನಲ್ಲಿ ಸೋಲಾರ್ ಹಲಗೆಗಳ ಧೂಳು ತೊಳೆಯುವ ಕೆಲಸಕ್ಕೆ ಹೋಗುತ್ತಿದ್ದರಂತೆ. ತೀರಿಕೊಂಡು ಎರಡು ವರ್ಷವಾಯಿತಂತೆ... ನಾನು ಊಟದೆಲೆ ಮಡಚಿ ಎದ್ದೆ.

ಅವರೊಂದಿಗೆ ನಾನು ಬಾಯಿಬಿಟ್ಟು ಆಡಿದ್ದು ಆ ಒಂದೇ ಮಾತು, ಬಣ್ಣ ಬಳಿಯಿರಿ ಎಂಬುದು. ಇನ್ನೊಂದು ಮಾತಿಗೆ ಈಗ ಅವರಿಲ್ಲ. ನಿಮ್ಮಮ್ಮನಿಗೂ ಇದನ್ನು ಹೇಳಿಲ್ಲ. ಮೊದಲು ಅವಳಿಗೆ ಓದಿ ಹೇಳಿ, ಮಕ್ಕಳೇ. ಅವಳು ಏನಾದರೂ ಅಂದುಕೊಳ್ಳಲಿ, ಈ ಹಾಳೆಗಳನ್ನು ಮಾತ್ರ ಹರಿಯದೆ, ಗೆದ್ದಲು ತಾಕದ ಕಡೆ ಜೋಪಾನವಾಗಿ ಇಟ್ಟುಕೊಳ್ಳಿ.